ಆ ಕಡೆಯವರು ಯಾಕೆ ಸಿಗಲಿಲ್ಲ? ಕರೆ ಸೇರದಾಗ ಫೋನು ಕೊಡುವ ಉತ್ತರ



ಇವತ್ತಿನ ವಿಷಯ ಮೇಲ್ನೋಟಕ್ಕೆ ಸಣ್ಣದು. ಒಬ್ಬರು ಇನ್ನೊಬ್ಬರಿಗೆ ಫೋನ್ ಮಾಡುತ್ತಾರೆ, ಆ ಕಡೆಯವರು ಸಿಗುವುದಿಲ್ಲ. ಆಗ ಕಿವಿಗೆ ಏನು ಕೇಳಿಸುತ್ತದೆ, ಅದನ್ನು ಹೇಳುವವರು ಯಾರು, ಅದರಲ್ಲಿ ನಿಜ ಎಷ್ಟು ಎನ್ನುವುದಷ್ಟೇ ಪ್ರಶ್ನೆ. ಆದರೆ ಆ ಉತ್ತರವನ್ನು ನಂಬಿಕೊಂಡು ಜನ ದಿನವೂ ತೀರ್ಮಾನ ಮಾಡುತ್ತಾರೆ. ‘ಬಿಜಿ ಬರ್ತಿದೆ, ಆಮೇಲೆ ಮಾಡೋಣ’ ಎಂದು ಸುಮ್ಮನಾಗುವವರು ಇದ್ದಾರೆ. ‘ಸ್ವಿಚ್ ಆಫ್ ಅಂತಿದೆ’ ಎಂದು ಗಾಬರಿಬಿದ್ದು ಆಟೋ ಹತ್ತುವವರೂ ಇದ್ದಾರೆ. ‘ನನ್ನ ಫೋನ್ ಬೇಕಂತಲೇ ಕಟ್ ಮಾಡಿದ’ ಎಂದು ಮಾತು ಬಿಟ್ಟ ಗೆಳೆಯರೂ ಉಂಟು.

ಈ ಉಪನ್ಯಾಸ ನಾಲ್ಕು ಮಾತುಗಳನ್ನು ಎತ್ತಿಕೊಳ್ಳುತ್ತದೆ. ಮೊದಲನೆಯದು ತಂತಿಯ ಕಾಲದ ಎಂಗೇಜ್ ಟೋನ್. ಎರಡನೆಯದು ಮೊಬೈಲ್ ಬಂದ ಮೇಲೆ ಆ ಟೋನು ಒಡೆದು ಹಲವು ಉತ್ತರಗಳಾದ ಬಗೆ. ಮೂರನೆಯದು ಜನ ಬೇಕೆಂದೇ ‘ಬಿಜಿ’ ಆಗುವುದು, ಮಿಸ್ಡ್ ಕಾಲ್ ಕೊಡುವುದು, ಅದರ ಸುತ್ತ ನಡೆದ ಸೆಕೆಂಡುಗಳ ಜಗಳ. ಕಡೆಯದು ಈ ಉತ್ತರ ಯಾವ ಭಾಷೆಯಲ್ಲಿ, ಎಷ್ಟು ಬಿಡಿಸಿ ಬರಬೇಕು ಎಂಬುದು. ನಾಲ್ಕಕ್ಕೂ ಸಮನಾಗಿ ಸಮಯ ಹಂಚಲು ಆಗದು. ಎರಡನೆಯದರಲ್ಲಿ ಹೇಳಬೇಕಾದ್ದು ಹೆಚ್ಚಿದೆ. ಇವೆಲ್ಲದರ ಹಿಂದಿರುವ ವಾದ ಮಾತ್ರ ಒಂದೇ: ಕರೆ ಯಾಕೆ ಸೇರಲಿಲ್ಲ ಎಂಬುದು ಇವತ್ತಿನ ಫೋನ್ ಜಾಲಕ್ಕೆ ಬಹುಪಾಲು ಖಚಿತವಾಗಿ ಗೊತ್ತಿರುತ್ತದೆ, ಕರೆ ಮಾಡಿದವರಿಗೆ ಮಾತ್ರ ಅದರಲ್ಲಿ ಒಂದಂಶವೂ ಸರಿಯಾಗಿ ತಿಳಿಯುವುದಿಲ್ಲ.

ಮೊದಲಿಗೆ ತಂತಿಯ ಕಾಲ. ಸಭೆಯಲ್ಲಿರುವ ಹಿರಿಯರಿಗೆ ನೆನಪಿದೆ, ವಿಶ್ವೇಶ್ವರಪುರಂ, ಬಸವನಗುಡಿ, ಚಾಮರಾಜಪೇಟೆಗಳಂಥ ಈ ಸುತ್ತಿನ ಹಳೆಯ ಬಡಾವಣೆಗಳಲ್ಲಿ ಫೋನ್ ಇದ್ದದ್ದು ಬೀದಿಗೊಂದೋ ಎರಡೋ ಮನೆಯಲ್ಲಿ. ಲಗ್ನಪತ್ರಿಕೆಯಲ್ಲಿ, ವಿಸಿಟಿಂಗ್ ಕಾರ್ಡಿನಲ್ಲಿ ನಂಬರಿನ ಪಕ್ಕ ‘ಪಿ.ಪಿ.’ ಎಂದು ಅಚ್ಚು ಹಾಕಿಸಿದರೆ ಅದು ಎದುರು ಮನೆಯವರ ಫೋನೆಂದು ಎಲ್ಲರಿಗೂ ತಿಳಿಯುತ್ತಿತ್ತು. ಅಂಥ ಫೋನು ಎಂಗೇಜ್ ಆಗಿದ್ದರೆ ಒಂದು ಮನೆಯಲ್ಲ, ಅರ್ಧ ಬೀದಿಯೇ ಎಂಗೇಜ್.

ಆ ಫೋನುಗಳಲ್ಲಿ ಬಹುಪಾಲು ಇದೇ ಊರಿನಲ್ಲಿ ತಯಾರಾದವು. 1948ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಐ.ಟಿ.ಐ., ಅಂದರೆ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಉದ್ದಿಮೆ. ಕಾರ್ಖಾನೆಯ ಸುತ್ತ ಬೆಳೆದ ಊರಿಗೆ ದೂರವಾಣಿನಗರ ಎಂದೇ ಹೆಸರು. ಅಲ್ಲಿ ತಯಾರಾದದ್ದು ಕಪ್ಪು ಫೋನು ಮಾತ್ರವಲ್ಲ, ಇಂಗ್ಲೆಂಡಿನ ಲಿವರ್‌ಪೂಲಿನ ಕಂಪನಿಯೊಂದರ ತಾಂತ್ರಿಕ ಸಹಕಾರದಲ್ಲಿ ಸ್ಟ್ರೌಜರ್ ಎಂಬ ಬಗೆಯ ಸ್ವಯಂಚಾಲಿತ ಎಕ್ಸ್‌ಚೇಂಜುಗಳೂ ತಯಾರಾದವು.

ಈ ಬಗೆಗೆ ತಮ್ಮ ಹೆಸರು ಕೊಟ್ಟ ಸ್ಟ್ರೌಜರ್ ಅಮೆರಿಕದ ಕಾನ್ಸಾಸ್ ನಗರದಲ್ಲಿ ಶವಸಂಸ್ಕಾರದ ವ್ಯವಸ್ಥೆ ಮಾಡಿಸುವ ಕಸುಬಿನವರು. ಊರಿನ ಟೆಲಿಫೋನ್ ಆಪರೇಟರ್ ಅವರ ಪ್ರತಿಸ್ಪರ್ಧಿಯ ಕಡೆಯವಳೆಂದೂ, ಸ್ಟ್ರೌಜರ್‌ಗೆ ಬರಬೇಕಾದ ಕರೆಗಳಿಗೆ ‘ಲೈನ್ ಬಿಜಿ’ ಎಂದು ಹೇಳಿ ಗಿರಾಕಿಗಳನ್ನು ಅತ್ತ ತಿರುಗಿಸುತ್ತಿದ್ದಳೆಂದೂ ಪ್ರಚಲಿತ ಕಥೆ. ಆಪರೇಟರ್ ಇಲ್ಲದೆ ನಡೆಯುವ ಎಕ್ಸ್‌ಚೇಂಜಿಗೆ ಅವರು 1891ರಲ್ಲಿ ಪೇಟೆಂಟ್ ಪಡೆದದ್ದು, ಮರುವರ್ಷ ಇಂಡಿಯಾನಾದ ಲಾಪೋರ್ಟ್ ಎಂಬ ಊರಿನಲ್ಲಿ ಅಂಥ ಮೊದಲ ಎಕ್ಸ್‌ಚೇಂಜ್ ಶುರುವಾದದ್ದು ಇತಿಹಾಸ. ಕಥೆಯ ಅಷ್ಟೂ ವಿವರ ನಿಜವೋ ಅಲ್ಲವೋ, ಅದರ ಒಳಗಿನ ದೂರು ಈ ಉಪನ್ಯಾಸಕ್ಕೆ ಮುಖ್ಯ. ಬಿಜಿ ಅಲ್ಲದ ಲೈನನ್ನು ಬಿಜಿ ಎಂದು ಹೇಳಿದರೆ ಕರೆ ಮಾಡಿದವರಿಗೂ ನಷ್ಟ, ಕರೆ ಬರಬೇಕಾದವರಿಗೂ ನಷ್ಟ.

ಸ್ಟ್ರೌಜರ್ ಯಂತ್ರ ಸುಳ್ಳು ಹೇಳುವ ಹಾಗಿರಲಿಲ್ಲ. ಅದು ಕೆಲಸ ಮಾಡುತ್ತಿದ್ದ ರೀತಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ನಂಬರಿನ ಕೊನೆಯ ಎರಡು ಅಂಕಿಗಳನ್ನು ನೋಡಿಕೊಳ್ಳುವುದು ಫೈನಲ್ ಸೆಲೆಕ್ಟರ್ ಎಂಬ ಭಾಗ. ಡಯಲಿನಲ್ಲಿ ಕೊನೆಯ ಹಿಂದಿನ ಅಂಕಿ 4 ತಿರುಗಿಸಿದರೆ ಅದರ ಲೋಹದ ತೋಳು ನಾಲ್ಕು ಮೆಟ್ಟಿಲು ಮೇಲೇರುತ್ತದೆ. ಕೊನೆಯ ಅಂಕಿ 7 ತಿರುಗಿಸಿದರೆ ಆ ಸಾಲಿನಲ್ಲಿ ಏಳು ಹೆಜ್ಜೆ ಪಕ್ಕಕ್ಕೆ ಸರಿಯುತ್ತದೆ. ಅಲ್ಲಿ ನಿಂತು 47ನೇ ಲೈನಿನ ಮೂರು ತಂತಿಗಳನ್ನು ಮುಟ್ಟುತ್ತದೆ. ಎರಡು ಮಾತಿಗೆ, ಮೂರನೆಯದು ಪರೀಕ್ಷೆಗೆ. ಆ ಮನೆಯವರು ಮಾತಿನಲ್ಲಿದ್ದರೆ, ಅಥವಾ ರಿಸೀವರನ್ನು ಸರಿಯಾಗಿ ಇಡದೆ ಹೋಗಿದ್ದರೆ, ಮೂರನೆಯ ತಂತಿಗೆ ಭೂಸಂಪರ್ಕ ಇರುತ್ತದೆ. ಇದ್ದರೆ ಎಂಗೇಜ್ ಟೋನ್, ಇಲ್ಲದಿದ್ದರೆ ಗಂಟೆ. ಮೂರನೇ ಸಾಧ್ಯತೆ ಇಲ್ಲ.

ಆ ಟೋನಿಗೂ ಅಳತೆ ಇದೆ. ಭಾರತದ ಎಂಗೇಜ್ ಟೋನ್ ಸೆಕೆಂಡಿಗೆ 400 ಕಂಪನಗಳ ಸ್ವರ. ಮುಕ್ಕಾಲು ಸೆಕೆಂಡು ಕೇಳಿಸುತ್ತದೆ, ಮುಕ್ಕಾಲು ಸೆಕೆಂಡು ನಿಲ್ಲುತ್ತದೆ. ಅದೇ ಸ್ವರ ಕಾಲು ಸೆಕೆಂಡು ಕೇಳಿ ಕಾಲು ಸೆಕೆಂಡು ನಿಂತರೆ, ಅಂದರೆ ಅವಸರದ ಪೀಂ ಪೀಂ ಆದರೆ, ಅರ್ಥವೇ ಬೇರೆ. ಆ ಮನೆಯವರು ಬಿಜಿ ಅಲ್ಲ, ಅಲ್ಲಿಗೆ ಹೋಗುವ ದಾರಿಯೇ ಬಿಜಿ. ಹಳೆಯ ಎಕ್ಸ್‌ಚೇಂಜುಗಳಲ್ಲಿ ಮೂರನೇ ಅಂಕಿ ತಿರುಗಿಸುವಷ್ಟರಲ್ಲೇ ಟೋನು ಬಂದುಬಿಡುತ್ತಿದ್ದದ್ದು ಅದಕ್ಕೇ. ಮಧ್ಯದ ಸೆಲೆಕ್ಟರ್ ಮುಂದಿನ ಹತ್ತು ದಾರಿಗಳನ್ನೂ ಹುಡುಕಿ, ಒಂದೂ ಖಾಲಿ ಸಿಗದೆ ಹನ್ನೊಂದನೇ ಹೆಜ್ಜೆಯಲ್ಲಿ ನಿಂತು ಕೈಚೆಲ್ಲುತ್ತಿತ್ತು. ಟ್ರಂಕ್ ಬುಕ್ ಮಾಡಿ ಕಾದವರು, ರಾತ್ರಿ ದರ ಇಳಿದ ಮೇಲೆ ಎಸ್.ಟಿ.ಡಿ. ಬೂತಿನ ಮುಂದೆ ಕ್ಯೂ ನಿಂತವರು ಈ ಎರಡು ಟೋನುಗಳ ವ್ಯತ್ಯಾಸವನ್ನು ಯಾರೂ ಕಲಿಸದೆಯೇ ಕಲಿತಿದ್ದರು. ನಿಧಾನದ ಟೋನಾದರೆ ಹತ್ತು ನಿಮಿಷ ಬಿಟ್ಟು ಮಾಡಬೇಕು, ಅವಸರದ್ದಾದರೆ ತಕ್ಷಣ ಮತ್ತೆ ತಿರುಗಿಸಬೇಕು.

ಎಷ್ಟು ದಾರಿ ಇಟ್ಟರೆ ಸಾಕು ಎಂಬುದಕ್ಕೆ ಲೆಕ್ಕ ಕೊಟ್ಟವರು ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಗಣಿತಜ್ಞ ಏರ್ಲಾಂಗ್. 1909ರಲ್ಲಿ ಮತ್ತು 1917ರಲ್ಲಿ ಅವರು ಪ್ರಕಟಿಸಿದ ಸೂತ್ರಗಳನ್ನು ಇವತ್ತಿನ ಟವರುಗಳನ್ನು ಯೋಜಿಸುವವರೂ ಬಳಸುತ್ತಾರೆ. ದಿನದ ಅತಿ ಹೆಚ್ಚು ಗದ್ದಲದ ಗಂಟೆಯಲ್ಲಿ ಕೂಡ ನೂರಕ್ಕೆ ಒಂದೋ ಎರಡೋ ಕರೆಗಿಂತ ಹೆಚ್ಚು ತಪ್ಪದಂತೆ ದಾರಿಗಳ ಸಂಖ್ಯೆ ಹೊಂದಿಸುವುದು ಅವುಗಳ ಉದ್ದೇಶ. ಕೆಲವು ಕರೆ ತಪ್ಪಿಯೇ ತಪ್ಪುತ್ತವೆ ಎಂದು ಒಪ್ಪಿಕೊಂಡೇ ಜಾಲ ಕಟ್ಟುತ್ತಾರೆ. ಹಾಗಿರುವಾಗ, ತಪ್ಪಿದ ಕರೆಗೆ ಸರಿಯಾದ ಕಾರಣ ಹೇಳುವುದೂ ಜಾಲದ ಕೆಲಸದ ಭಾಗವೇ.

ಎರಡನೇ ಭಾಗಕ್ಕೆ ಹೋಗುವ ಮೊದಲು ಕಿತ್ತೂರಿನ ಹೆಸರು ಹೇಳಬೇಕು. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಎಂಬ ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆ ಹಳ್ಳಿಗಳಿಗೆಂದು ರೂಪಿಸಿದ 128 ಲೈನುಗಳ ಪುಟ್ಟ ಡಿಜಿಟಲ್ ಎಕ್ಸ್‌ಚೇಂಜು ಮೊದಲು ಕೆಲಸ ಶುರು ಮಾಡಿದ್ದು 1986ರಲ್ಲಿ, ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ಹವಾನಿಯಂತ್ರಣ ಬೇಡದ, ಧೂಳು ಸೆಕೆ ತಡೆಯುವ ಯಂತ್ರ ಅದು. ಅಲ್ಲಿಗೆ ಬಿಜಿ ಎನ್ನುವುದು ತಂತಿಯ ಸ್ಥಿತಿಯಾಗಿ ಉಳಿಯಲಿಲ್ಲ, ಕಂಪ್ಯೂಟರಿನ ನೆನಪಿನೊಳಗಿನ ಒಂದು ನಮೂದಾಯಿತು. ನಮೂದನ್ನು ಸಂದೇಶವಾಗಿ ಕಳಿಸಬಹುದು, ಬದಲಿಸಬಹುದು, ಬೇಕಾದರೆ ಮುಚ್ಚಿಡಬಹುದು. ಮುಂದಿನದೆಲ್ಲ ಹೊರಟದ್ದು ಅಲ್ಲಿಂದಲೇ.

ಈಗ ಮೊಬೈಲಿನ ವಿಷಯ. 1995ರ ಜುಲೈ 31ರಂದು ಕೋಲ್ಕತ್ತಾದಿಂದ ಪಶ್ಚಿಮ ಬಂಗಾಳದ ಅಂದಿನ ಮುಖ್ಯಮಂತ್ರಿ ಜ್ಯೋತಿ ಬಸು, ದೆಹಲಿಯಲ್ಲಿದ್ದ ಅಂದಿನ ಕೇಂದ್ರ ಸಂಪರ್ಕ ಸಚಿವ ಸುಖ್ ರಾಮ್ ಅವರಿಗೆ ಮಾಡಿದ ಕರೆಯನ್ನು ದೇಶದ ಮೊದಲ ಮೊಬೈಲ್ ಕರೆ ಎನ್ನುತ್ತಾರೆ. ಅಲ್ಲಿಂದಾಚೆ ಫೋನ್ ಮನೆಗೆ ಸೇರಿದ ವಸ್ತುವಲ್ಲ, ಜೇಬಿಗೆ ಸೇರಿದ್ದು. ಹಾಗಾಗಿ ಕರೆ ಬಂದಾಗ ಜಾಲ ಕೇಳಿಕೊಳ್ಳುವ ಮೊದಲ ಪ್ರಶ್ನೆ ‘ಲೈನ್ ಬಿಜಿಯೇ?’ ಎಂಬುದಲ್ಲ. ‘ಈ ಮನುಷ್ಯ ಈಗ ಎಲ್ಲಿದ್ದಾನೆ?’ ಎಂಬುದು.

ಆ ಹುಡುಕಾಟ ನಡೆಯುವುದು ಹೀಗೆ. ಪ್ರತಿ ಚಂದಾದಾರರಿಗೂ ಕಂಪನಿಯ ಕೇಂದ್ರ ದಾಖಲೆಯಲ್ಲಿ ಒಂದು ನಮೂದು ಇರುತ್ತದೆ. ಆ ಫೋನು ಕಡೆಯ ಬಾರಿ ಯಾವ ವಲಯದಿಂದ ‘ಇಲ್ಲಿದ್ದೇನೆ’ ಎಂದಿತು ಎನ್ನುವುದು ಅಲ್ಲಿ ಬರೆದಿರುತ್ತದೆ. ಕರೆ ಬಂದೊಡನೆ ಆ ವಲಯದ ಟವರುಗಳೆಲ್ಲ ಒಮ್ಮೆಗೇ ಆ ಫೋನನ್ನು ಕೂಗುತ್ತವೆ. ಫೋನು ಓಗೊಟ್ಟರೆ ಗಂಟೆ ಬಾರಿಸುತ್ತದೆ. ಓಗೊಡದಿದ್ದರೆ ಕರೆ ಮುರಿಯುತ್ತದೆ, ಮುರಿದ ಕಾರಣ ಒಂದು ಸಂಖ್ಯೆಯಾಗಿ ಹಿಂದಿರುಗುತ್ತದೆ. ಬಟವಾಡೆಯಾಗದ ಪತ್ರದ ಮೇಲೆ ಅಂಚೆಯಣ್ಣ ‘ಬೀಗ ಹಾಕಿದೆ’, ‘ಮನೆ ಬದಲಾಯಿಸಿದ್ದಾರೆ’, ‘ಪಡೆಯಲು ನಿರಾಕರಿಸಿದರು’ ಎಂದು ಷರಾ ಬರೆದು ಹಿಂದಿರುಗಿಸುವ ಹಾಗೆಯೇ ಇದು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಈ ಷರಾಗಳಿಗೆ ಸಂಖ್ಯೆ ಕೊಟ್ಟಿದೆ. 17 ಎಂದರೆ ಆ ಕಡೆಯವರು ಬಿಜಿ. 19 ಎಂದರೆ ಗಂಟೆ ಬಾರಿಸಿತು, ಯಾರೂ ಎತ್ತಲಿಲ್ಲ. 20 ಎಂದರೆ ಫೋನು ಜಾಲದಲ್ಲೇ ಇಲ್ಲ. 21 ಎಂದರೆ ಕರೆ ತಿರಸ್ಕೃತ. 34 ಎಂದರೆ ದಾರಿ ಖಾಲಿ ಇಲ್ಲ. 1 ಎಂದರೆ ಅಂಥ ನಂಬರೇ ಇಲ್ಲ. 4ಜಿ ಜಾಲದಲ್ಲೇ ಮಾತು ಸಾಗಿಸುವ ವೋಲ್ಟಿ ಬಂದ ಮೇಲೆ ಸಂಖ್ಯೆಗಳು ಬದಲಾಗಿವೆ. ಬಿಜಿಗೆ 486, ಸದ್ಯಕ್ಕೆ ಸಿಗುತ್ತಿಲ್ಲ ಎನ್ನಲು 480, ನಿರಾಕರಣೆಗೆ 603. ಪದ್ಧತಿ ಮಾತ್ರ ಹಳೆಯದೇ.

ಇಷ್ಟು ಖಚಿತವಾದ ಷರಾ ಕೈಯಲ್ಲಿದ್ದೂ ಕಿವಿಗೆ ಮುಟ್ಟುವುದು ನಾಲ್ಕೈದು ಸಿದ್ಧ ವಾಕ್ಯಗಳಷ್ಟೇ. ಎಡವಟ್ಟು ಆಗುವುದು ಅಲ್ಲಿ. ಮೂರು ಉದಾಹರಣೆ ಸಾಕು.

‘ಸ್ವಿಚ್ ಆಫ್’ ಮತ್ತು ‘ನಾಟ್ ರೀಚಬಲ್’ ಇವೆರಡನ್ನು ತೆಗೆದುಕೊಳ್ಳಿ. ಫೋನನ್ನು ಕ್ರಮವಾಗಿ ಆರಿಸಿದಾಗ ಅದು ಪರದೆ ಕಪ್ಪಾಗುವ ಮುನ್ನ ಟವರಿಗೆ ‘ಹೊರಟೆ’ ಎಂದು ಒಂದು ಚುಟುಕು ಸಂದೇಶ ಕಳಿಸುತ್ತದೆ. ಅದನ್ನು ಕಂಡ ಜಾಲ ಮುಂದಿನ ಕರೆಗೆ ಹುಡುಕುವ ಗೋಜಿಗೇ ಹೋಗುವುದಿಲ್ಲ. ನ್ಯಾಷನಲ್ ಕಾಲೇಜ್ ನಿಲ್ದಾಣದಿಂದ ಕೃಷ್ಣರಾಜೇಂದ್ರ ಮಾರುಕಟ್ಟೆಯ ಕಡೆಗೆ ಹೊರಟ ಮೆಟ್ರೋ ಮೇಲ್ಸೇತುವೆಯಿಂದಿಳಿದು ಸುರಂಗ ಹೊಗುವಾಗ ಸಿಗ್ನಲ್ ಕೈಕೊಟ್ಟರೆ, ಅಥವಾ ಆಸ್ಪತ್ರೆಯ ನೆಲಮಾಳಿಗೆಯ ಸ್ಕ್ಯಾನಿಂಗ್ ಕೋಣೆಗೆ ಹೋದರೆ, ಫೋನಿಗೆ ಹಾಗೆ ಹೇಳಿ ಹೋಗಲು ಅವಕಾಶವಿಲ್ಲ. ಟವರುಗಳು ಕೂಗುತ್ತವೆ, ಉತ್ತರವಿಲ್ಲ, ‘ನಾಟ್ ರೀಚಬಲ್’. ಆದರೆ ಫೋನು ಆಗಾಗ ಹಾಜರಿ ಹಾಕಬೇಕೆಂಬ ನಿಯಮವೂ ಇದೆ. ಬಹಳ ಹೊತ್ತು ಹಾಜರಿ ಬಾರದಿದ್ದರೆ ಜಾಲ ತಾನಾಗಿಯೇ ಅದನ್ನು ಪಟ್ಟಿಯಿಂದ ಬಿಡುತ್ತದೆ. ಆಮೇಲೆ ಬರುವ ಕರೆಗೆ ‘ಸ್ವಿಚ್ ಆಫ್’ ಎಂಬ ಉತ್ತರ ಹೋಗಬಹುದು. ನೆಲಮಾಳಿಗೆಯಲ್ಲಿ ಕೂತ ಮನುಷ್ಯ ಫೋನನ್ನು ಮುಟ್ಟಿಯೂ ಇರುವುದಿಲ್ಲ. ಮನೆಯವರಿಗೆ ಮಾತ್ರ ಅವನೇ ಆಫ್ ಮಾಡಿಕೊಂಡ ಹಾಗೆ ಕೇಳಿಸುತ್ತದೆ.

ಎರಡನೆಯದು ಡ್ಯುಯಲ್ ಸಿಮ್. ಆಫೀಸಿಗೊಂದು ಮನೆಗೊಂದು ಎಂದು ಎರಡು ಸಿಮ್ ಹಾಕಿಕೊಳ್ಳುವುದು ಇಲ್ಲಿ ತೀರ ಸಾಮಾನ್ಯ. ಬಹುತೇಕ ಫೋನುಗಳಲ್ಲಿ ಸಿಮ್ ಎರಡಿದ್ದರೂ ಮಾತಿನ ರೇಡಿಯೊ ಒಂದೇ. ಒಂದು ಸಿಮ್ಮಿನಲ್ಲಿ ಮಾತು ನಡೆಯುವಾಗ ಇನ್ನೊಂದು ಸಿಮ್ಮಿನ ಕೂಗಿಗೆ ಕಿವಿ ಇರುವುದಿಲ್ಲ. ಆ ಎರಡನೇ ನಂಬರಿಗೆ ಕರೆ ಮಾಡಿದವರಿಗೆ ‘ಬಿಜಿ’ ಎಂದಲ್ಲ, ‘ನಾಟ್ ರೀಚಬಲ್’ ಎಂದೋ ‘ಸ್ವಿಚ್ ಆಫ್’ ಎಂದೋ ಕೇಳುತ್ತದೆ. ಮಗ ಆಫೀಸಿನ ನಂಬರಿನಲ್ಲಿ ನಲವತ್ತು ನಿಮಿಷ ಮೀಟಿಂಗಿನಲ್ಲಿದ್ದಾನೆ, ಚಾಮರಾಜಪೇಟೆಯ ಮನೆಯಲ್ಲಿ ತಾಯಿ ಅವನ ಇನ್ನೊಂದು ನಂಬರಿಗೆ ಮತ್ತೆ ಮತ್ತೆ ಒತ್ತುತ್ತ ಕಳವಳಪಡುತ್ತಾರೆ. ಜಾಲ ಇಲ್ಲಿ ಸುಳ್ಳು ಹೇಳಲಿಲ್ಲ. ಎರಡು ಸಿಮ್ ಒಂದೇ ಜೇಬಿನಲ್ಲಿವೆ ಎಂಬುದು ಅದಕ್ಕೆ ಗೊತ್ತಿಲ್ಲ, ಅಷ್ಟೇ. ಹೊಸ ಫೋನುಗಳಲ್ಲಿ ಕೆಲವು, ಒಂದು ಸಿಮ್ಮಿನ ಇಂಟರ್ನೆಟ್ ದಾರಿಯಿಂದ ಇನ್ನೊಂದರ ಕರೆ ತರಿಸಿಕೊಂಡು ಈ ತೊಂದರೆ ನೀಗಿಸಿಕೊಂಡಿವೆ.

ಮೂರನೆಯದು ಇವೆರಡಕ್ಕಿಂತ ಗಂಭೀರ. 2016ರ ಸೆಪ್ಟೆಂಬರ್ 5ರಂದು ಜಿಯೋ ಸೇವೆ ಆರಂಭವಾಯಿತು. ಒಂದು ಕಂಪನಿಯಿಂದ ಇನ್ನೊಂದಕ್ಕೆ ಕರೆ ದಾಟಬೇಕಾದರೆ ಎರಡರ ನಡುವೆ ಸಂಪರ್ಕದ ಕೊಂಡಿಗಳು ಬೇಕು. ಅಲ್ಲಿ ದಾರಿ ಸಿಗದೆ ತಪ್ಪುವ ಕರೆ ಶೇ. 0.5, ಅಂದರೆ ಇನ್ನೂರಕ್ಕೆ ಒಂದು ಮೀರಬಾರದೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ನಿಯಮ. ಆ ತಿಂಗಳುಗಳಲ್ಲಿ ಜಿಯೋದಿಂದ ಹಳೆಯ ಕಂಪನಿಗಳ ನಂಬರುಗಳಿಗೆ ಹೋದ ಕರೆಗಳು ಭಾರೀ ಪ್ರಮಾಣದಲ್ಲಿ ಮುರಿದುಬಿದ್ದವು. ಸಾಕಷ್ಟು ಕೊಂಡಿ ಕೊಡುತ್ತಿಲ್ಲವೆಂದು ಜಿಯೋ ದೂರಿತು, ಏರ್‌ಟೆಲ್, ವೊಡಾಫೋನ್, ಐಡಿಯಾ ಅದನ್ನು ಅಲ್ಲಗಳೆದವು. ಅಕ್ಟೋಬರಿನಲ್ಲಿ ಟ್ರಾಯ್ ಈ ಮೂರು ಕಂಪನಿಗಳಿಗೆ ಒಟ್ಟು 3,050 ಕೋಟಿ ರೂಪಾಯಿ ದಂಡ ವಿಧಿಸಲು ಶಿಫಾರಸು ಮಾಡಿತು. ಕಂಪನಿಗಳ ವ್ಯಾಜ್ಯ ಏನೇ ಇರಲಿ, ಸಜ್ಜನ್ ರಾವ್ ಸರ್ಕಲ್ಲಿನಲ್ಲಿ ನಿಂತು ಫೋನ್ ಹಚ್ಚಿದ ಹುಡುಗನಿಗೆ ತಿಳಿದದ್ದು ಕರೆ ಹೋಗುತ್ತಿಲ್ಲ ಎಂಬುದಷ್ಟೇ. ಗೆಳೆಯ ಬಿಜಿಯೋ, ನೆಟ್‌ವರ್ಕ್ ಬಿಜಿಯೋ ಎಂದು ಅವನಿಗೆ ಬಿಡಿಸಿ ಹೇಳಿದವರಿಲ್ಲ. ಎಸ್.ಟಿ.ಡಿ. ಬೂತಿನ ಕಾಲದಲ್ಲಿ ಎರಡು ಟೋನುಗಳಾದರೂ ಬೇರೆ ಬೇರೆ ಕೇಳಿಸುತ್ತಿದ್ದವು.

ಇನ್ನು ಮೂರನೇ ಭಾಗ. ಇಲ್ಲಿ ಬಿಜಿ ಎನ್ನುವುದು ಮನುಷ್ಯರ ಆಯ್ಕೆ.

ಜಿ.ಎಸ್.ಎಂ. ಎಂಬ ಮೊಬೈಲ್ ಪದ್ಧತಿಯ ನಿಯಮಾವಳಿಯಲ್ಲಿ ಎರಡು ಬಗೆಯ ಬಿಜಿ ಇವೆ. ಒಂದು ಜಾಲವೇ ಕಂಡುಕೊಳ್ಳುವ ಬಿಜಿ, ಚಂದಾದಾರರು ಬೇರೆ ಕರೆಯಲ್ಲಿರುವುದು ಜಾಲಕ್ಕೆ ಕಾಣುತ್ತದೆ. ಇನ್ನೊಂದು ಚಂದಾದಾರರೇ ತೀರ್ಮಾನಿಸುವ ಬಿಜಿ. ಬರುತ್ತಿರುವ ಕರೆಗೆ ಕೆಂಪು ಗುಂಡಿ ಒತ್ತಿದರೆ ಫೋನು ಜಾಲಕ್ಕೆ ‘ನಾನು ಬಿಜಿ ಎಂದು ಹೇಳಿಬಿಡು’ ಎಂಬ ಅರ್ಥದ ಷರಾ ಕಳಿಸಬಹುದು. ಕರೆ ಮಾಡಿದವರಿಗೆ ಎರಡೂ ಸಂದರ್ಭದಲ್ಲಿ ಕೇಳಿಸುವುದು ಒಂದೇ ಮಾತಾಗಬಹುದು. ಬ್ಲಾಕ್ ಮಾಡಿದ ನಂಬರಿನಿಂದ ಕರೆ ಬಂದಾಗಲೂ ಹಲವು ಫೋನುಗಳು ಇದೇ ರೀತಿ ಒಳಗಿಂದೊಳಗೇ ತಿರಸ್ಕರಿಸುತ್ತವೆ. ಅರ್ಧ ರಿಂಗಾಗಿ ಬಿಜಿಗೆ ತಿರುಗಿದರೆ ‘ಬ್ಲಾಕ್ ಮಾಡಿದ್ದಾರೆ’ ಎಂದು ಹುಡುಗರು ಊಹಿಸುವುದು ಈ ಲಕ್ಷಣ ಕಂಡೇ. ಆದರೆ ಅದೇ ಲಕ್ಷಣ ಬೇರೆ ಕಾರಣಕ್ಕೂ ಬರುತ್ತದಾದ್ದರಿಂದ ಆ ಊಹೆಯ ಮೇಲೆ ಸ್ನೇಹ ಮುರಿದುಕೊಳ್ಳುವುದು ಸರಿಯಲ್ಲ.

ಸಂಜೆ ಏಳರ ಮೇಲೆ ವಿ.ವಿ. ಪುರಂ ತಿಂಡಿ ಬೀದಿಗೆ ಹೋದರೆ ಈ ಆಯ್ಕೆ ಕಣ್ಣಿಗೇ ಕಾಣುತ್ತದೆ. ಕಾವಲಿಯ ಮುಂದೆ ನಿಂತವರ ಬಲಗೈಯಲ್ಲಿ ಸೌಟು, ಎಡಗೈಯಲ್ಲಿ ಬೆಣ್ಣೆ. ಅಂಗಿ ಜೇಬಿನಲ್ಲಿ ಫೋನು ಗುಂಯ್‌ಗುಡುತ್ತದೆ. ಮೊಣಕೈಯಿಂದ ಜೇಬನ್ನು ಒತ್ತುತ್ತಾರೆ. ಪಕ್ಕದ ಗುಂಡಿ ಒತ್ತಿದಂತಾಗಿ ಸದ್ದು ನಿಂತರೆ ಆಯಿತು, ಅತ್ತ ಗಂಟೆ ಬಾರಿಸುತ್ತಲೇ ಇರುತ್ತದೆ. ಎರಡು ಹೆಜ್ಜೆ ಆಚೆ ಡೆಲಿವರಿ ಹುಡುಗ ಪೊಟ್ಟಣ ಹಿಡಿದು ಗಿರಾಕಿಗೆ ಕರೆ ಮಾಡುತ್ತಿರುತ್ತಾನೆ. ‘ಬೇರೆ ಕರೆಯಲ್ಲಿದ್ದಾರೆ’ ಎಂದು ಬಂದರೆ ಅವನು ಹೊರಟುಬಿಡುತ್ತಾನೆ, ದಾರಿಯಲ್ಲಿ ಮತ್ತೆ ಮಾಡಿದರಾಯಿತು. ‘ಸ್ವಿಚ್ ಆಫ್’ ಎಂದು ಬಂದರೆ ಹೊರಡಲೋ ಬೇಡವೋ ಎಂದು ನಿಲ್ಲುತ್ತಾನೆ. ಅವನ ದುಡಿಮೆಯ ಹತ್ತು ನಿಮಿಷ ನಿಂತಿರುವುದು ಒಂದು ವಾಕ್ಯದ ಮೇಲೆ.

ಕರೆ ಎತ್ತದಿರುವುದನ್ನೇ ಮಾತನ್ನಾಗಿ ಮಾಡಿಕೊಂಡದ್ದು ಮಿಸ್ಡ್ ಕಾಲ್. ಒಂದು ಕಾಲದಲ್ಲಿ ನಿಮಿಷಕ್ಕೆ 16 ರೂಪಾಯಿಯವರೆಗೆ ದರವಿದ್ದ, ಬರುವ ಕರೆಗೂ ಹಣ ತೆರಬೇಕಿದ್ದ ದೇಶದಲ್ಲಿ, 2003ರ ಮೇ ತಿಂಗಳಲ್ಲಿ ಒಳಬರುವ ಕರೆ ಉಚಿತವಾಯಿತು. ‘ಬಂದು ಸೇರಿದ ಕೂಡಲೇ ಒಂದು ಮಿಸ್ಡ್ ಕಾಲ್ ಕೊಡು’ ಎನ್ನುವುದು ಮನೆಮಾತಾಯಿತು. 2010ರಲ್ಲಿ ಇದೇ ಬೆಂಗಳೂರಿನಲ್ಲಿ ಹುಟ್ಟಿದ ಜಿಪ್‌ಡಯಲ್ ಎಂಬ ಕಂಪನಿ ಮಿಸ್ಡ್ ಕಾಲನ್ನೇ ವ್ಯವಹಾರ ಮಾಡಿಕೊಂಡಿತು. ಗ್ರಾಹಕರು ಒಂದು ನಂಬರಿಗೆ ಕರೆ ಮಾಡಿದರೆ ಅದು ತಾನೇ ಕಟ್ ಆಗಿ, ಬೇಕಾದ ಮಾಹಿತಿ ಎಸ್ಸೆಮ್ಮೆಸ್ಸಿನಲ್ಲಿ ಬರುತ್ತಿತ್ತು. 2015ರ ಜನವರಿಯಲ್ಲಿ ಟ್ವಿಟರ್ ಅದನ್ನು ಕೊಂಡುಕೊಂಡಿತು. ಅಡುಗೆ ಅನಿಲದ ಸಿಲಿಂಡರನ್ನು ಮಿಸ್ಡ್ ಕಾಲಿನಿಂದ ಬುಕ್ ಮಾಡುವ ಸೌಲಭ್ಯ ಇಂಡೇನ್ ಗ್ರಾಹಕರಿಗೆ 2021ರ ಜನವರಿ 1ರಿಂದ ಸಿಕ್ಕಿತು.

ಮಿಸ್ಡ್ ಕಾಲಿನ ಹಿಂದೆ ಸೆಕೆಂಡುಗಳ ಒಂದು ಜಗಳವೂ ನಡೆಯಿತು. ಕರೆ ಮಾಡಿದವರ ಕಂಪನಿ ಕರೆ ಸ್ವೀಕರಿಸಿದವರ ಕಂಪನಿಗೆ ಕೊಡಬೇಕಾದ ಶುಲ್ಕ 2017ರ ಅಕ್ಟೋಬರಿನಲ್ಲಿ ನಿಮಿಷಕ್ಕೆ 14 ಪೈಸೆಯಿಂದ 6 ಪೈಸೆಗೆ ಇಳಿಯಿತು. ಎತ್ತುವ ಮೊದಲೇ ಗಂಟೆ ನಿಂತರೆ ಆ ಕಡೆಯವರು ತಿರುಗಿ ಕರೆ ಮಾಡುತ್ತಿದ್ದರು, ಆಗ ಶುಲ್ಕ ಹರಿಯುವ ದಿಕ್ಕೇ ಬದಲಾಗುತ್ತಿತ್ತು. 2019ರಲ್ಲಿ ಜಿಯೋ ಗಂಟೆಯ ಅವಧಿಯನ್ನು 20 ಸೆಕೆಂಡಿಗೆ ಇಳಿಸಿದಾಗ ಉಳಿದ ಕಂಪನಿಗಳು ಆಕ್ಷೇಪಿಸಿದವು, ಆಮೇಲೆ ತಾವೂ 25ಕ್ಕೆ ಇಳಿಸಿದವು. ಕಡೆಗೆ 2019ರ ನವೆಂಬರ್ 1ರಂದು ಟ್ರಾಯ್, ಮೊಬೈಲಿಗೆ 30 ಸೆಕೆಂಡು, ಮನೆಯ ಲ್ಯಾಂಡ್‌ಲೈನಿಗೆ 60 ಸೆಕೆಂಡು ಗಂಟೆ ಬಾರಿಸಬೇಕೆಂದು ಕಟ್ಟು ಮಾಡಿತು. 2021ರ ಜನವರಿ 1ರಿಂದ ಆ 6 ಪೈಸೆಯೂ ಹೋಯಿತು.

ಈ ಸೆಕೆಂಡುಗಳನ್ನು ಗಂಟೆಯ ಸುತ್ತುಗಳಾಗಿ ಎಣಿಸಿದರೆ ವಿಷಯ ಮನಸ್ಸಿಗೆ ತಟ್ಟುತ್ತದೆ. ಭಾರತದಲ್ಲಿ ಕರೆ ಮಾಡಿದವರಿಗೆ ಕೇಳುವ ‘ಟ್ರಿಂಗ್-ಟ್ರಿಂಗ್’ ಒಂದು ಸುತ್ತಿಗೆ ಮೂರು ಸೆಕೆಂಡು. 30 ಸೆಕೆಂಡಿಗೆ ಹತ್ತು ಸುತ್ತು, 20ಕ್ಕೆ ಏಳು ಸುತ್ತೂ ಪೂರ್ತಿಯಾಗುವುದಿಲ್ಲ. ಮಂಡಿನೋವಿನ ಅಜ್ಜಿ ದೇವರಮನೆಯಿಂದ ಎದ್ದು, ಗೋಡೆ ಹಿಡಿದು, ಹಜಾರದಲ್ಲಿ ಚಾರ್ಜಿಗೆ ಹಾಕಿದ ಫೋನಿನ ಬಳಿ ಬರುವಷ್ಟರಲ್ಲಿ ಏಳನೇ ಸುತ್ತು ಮುಗಿದಿರುತ್ತದೆ. ಸುತ್ತಮುತ್ತಲ ಹಳೆಯ ಮನೆಗಳಲ್ಲಿ ಲ್ಯಾಂಡ್‌ಲೈನನ್ನು ಇನ್ನೂ ಉಳಿಸಿಕೊಂಡಿರುವ ಹಿರಿಯರ ತೀರ್ಮಾನಕ್ಕೆ ಆ 60 ಸೆಕೆಂಡುಗಳೇ ಒಳ್ಳೆಯ ಸಮರ್ಥನೆ.

ಕಡೆಯ ಭಾಗ ಭಾಷೆ ಮತ್ತು ಸ್ಪಷ್ಟತೆಯದು. ಷರಾದ ಸಂಖ್ಯೆಯನ್ನು ಮಾತಾಗಿ ಕೇಳಿಸುವುದು ಕೆಲವೊಮ್ಮೆ ಕರೆ ಮಾಡಿದವರ ಜಾಲ, ಕೆಲವೊಮ್ಮೆ ಆ ಕಡೆಯವರ ಜಾಲ. ಯಾರ ಯಂತ್ರ ಮಾತಾಡುತ್ತದೋ ಅದರ ಭಾಷೆ. ದೇಶವನ್ನು 22 ದೂರಸಂಪರ್ಕ ವೃತ್ತಗಳಾಗಿ ಹಂಚಿದ್ದಾರೆ. ಕಾಸರಗೋಡು ಕೇರಳ ವೃತ್ತದಲ್ಲಿದೆ, ಹೊಸೂರು ತಮಿಳುನಾಡಿನದರಲ್ಲಿದೆ. ಮಂಜೇಶ್ವರದ ಕನ್ನಡ ಮನೆಯೊಂದರ ಫೋನು ಮಲಯಾಳಂನಲ್ಲಿ ‘ಬಿಜಿ’ ಎನ್ನುತ್ತದೆ. ತಲಪಾಡಿಯ ಗಡಿಯಲ್ಲಿ ಯಾವ ಟವರು ಸಿಕ್ಕಿತು ಎನ್ನುವುದರ ಮೇಲೆ ಭಾಷೆ ಹೊರಳಬಹುದು. ಪ್ರವಾಸದಲ್ಲಿರುವವರಿಗೆ ಕರೆ ಮಾಡಿ ತಮಿಳು ಅಥವಾ ತೆಲುಗಿನ ಉತ್ತರ ಕೇಳಿ, ಏನು ಹೇಳಿದರೆಂದು ತಿಳಿಯದೆ ಫೋನಿಟ್ಟ ತಾಯಂದಿರು ಎಷ್ಟೋ ಮಂದಿ. ಕರ್ನಾಟಕದೊಳಗೂ ಹಲವು ಬಾರಿ ಕನ್ನಡ ಬರುವುದು ಇತರ ಭಾಷೆಗಳ ಸರದಿ ಮುಗಿದ ಮೇಲೆ. ಅಷ್ಟರಲ್ಲಿ ಕರೆ ಮಾಡಿದವರು ಕಟ್ ಮಾಡಿರುತ್ತಾರೆ.

ಧ್ವನಿಮುದ್ರಿತ ಕನ್ನಡ ಎಷ್ಟು ಚೆನ್ನಾಗಿ ಕೇಳಬಹುದು ಎಂಬುದಕ್ಕೆ ಮಾದರಿ ಹತ್ತಿರದಲ್ಲೇ ಇದೆ. ನಮ್ಮ ಮೆಟ್ರೋದಲ್ಲಿ ನಿಲ್ದಾಣಗಳ ಹೆಸರನ್ನು ಕನ್ನಡದಲ್ಲಿ ಹೇಳಿದ ದನಿ 2024ರ ಜುಲೈನಲ್ಲಿ ತೀರಿಕೊಂಡ ನಿರೂಪಕಿ ಅಪರ್ಣಾ ಅವರದು. ಅಕ್ಷರ ನುಂಗದ, ಅವಸರವಿಲ್ಲದ ಉಚ್ಚಾರಣೆ. ಫೋನ್ ಕಂಪನಿಗಳು ಆ ಮಟ್ಟದ ಎಚ್ಚರವನ್ನು ತಮ್ಮ ಹತ್ತು ಹನ್ನೆರಡು ವಾಕ್ಯಗಳಿಗೆ ಕೊಟ್ಟರೆ ಸಾಕು. ಕರೆ ಮಾಡುವ ಚಂದಾದಾರರು ಯಾವ ಭಾಷೆ ಆರಿಸಿದ್ದಾರೆಂಬುದು ಕಂಪನಿಯ ದಾಖಲೆಯಲ್ಲಿರುತ್ತದೆ. ಷರಾ ಸಂಖ್ಯೆಯಾಗಿ ಬರುವುದರಿಂದ ಅದನ್ನು ಕರೆ ಮಾಡಿದವರ ಭಾಷೆಯಲ್ಲೇ, ಮೊದಲ ವಾಕ್ಯವಾಗಿಯೇ ಕೇಳಿಸಲು ತಾಂತ್ರಿಕ ಅಡ್ಡಿಯಿಲ್ಲ.

ಹಾಗಾದರೆ ಜಾಲಕ್ಕೆ ತಿಳಿದದ್ದನ್ನೆಲ್ಲ ಹೇಳಿಬಿಡಬೇಕೆ? ಖಂಡಿತ ಬೇಡ. ಹಿಂದೆ ಬಿದ್ದು ಕಾಡುವವನೊಬ್ಬನ ನಂಬರನ್ನು ಒಬ್ಬ ಹುಡುಗಿ ಬ್ಲಾಕ್ ಮಾಡಿದ್ದಾಳೆ ಎಂದುಕೊಳ್ಳಿ. ‘ನಿಮ್ಮ ಕರೆಯನ್ನು ತಿರಸ್ಕರಿಸಿದ್ದಾರೆ’ ಎಂದು ಅವನಿಗೆ ಸಾರಿ ಹೇಳಿದರೆ ಆ ಹುಡುಗಿಗೇ ಅಪಾಯ. ‘ಬಿಜಿ’ ಎಂಬ ಮಸುಕು ಮಾತು ಅವಳಿಗೆ ರಕ್ಷಣೆ. ಬಂದ ಕರೆಯನ್ನು ಎತ್ತುವುದು, ಬಿಡುವುದು ಆ ಕಡೆಯವರ ಹಕ್ಕು, ಅದರ ಕಾರಣ ಅವರ ಸ್ವಂತದ್ದು. ಟ್ರೂಕಾಲರಿನಂಥ ಆ್ಯಪ್‌ಗಳು ಯಾರು ಮಾತಿನಲ್ಲಿದ್ದಾರೆ ಎಂಬುದನ್ನು ಕರೆ ಮಾಡುವ ಮೊದಲೇ ತೋರಿಸುತ್ತವೆ. ವಾಟ್ಸ್ಆ್ಯಪ್ ಆ ಕಡೆ ಫೋನು ನಿಜವಾಗಿ ಬಾರಿಸುತ್ತಿದೆಯೇ ಇಲ್ಲವೇ ಎಂಬುದನ್ನೂ ತಿಳಿಸುತ್ತದೆ. ಕ್ಯಾಲಿಫೋರ್ನಿಯಾದ ಮಗಳಿಗೆ ಹೊತ್ತಲ್ಲದ ಹೊತ್ತಿನಲ್ಲಿ ಕರೆ ಮಾಡುವ ಬಸವನಗುಡಿಯ ದಂಪತಿಗೆ ಅದು ಉಪಕಾರ. ಅದೇ ಮಾಹಿತಿ ಕಾಡುವವನ ಕೈಗೆ ಹೋದರೆ ಅಪಕಾರ. ಆದ್ದರಿಂದ ಈ ಉಪನ್ಯಾಸದ ಅಭಿಪ್ರಾಯದಲ್ಲಿ ಗೆರೆ ಎಳೆಯಬೇಕಾದ ಜಾಗ ಸ್ಪಷ್ಟ. ದಾರಿ ಸಿಗದಿದ್ದರೆ, ಕೊಂಡಿ ತುಂಬಿದ್ದರೆ, ಟವರು ಕೆಟ್ಟಿದ್ದರೆ ಜಾಲ ಅದನ್ನು ತನ್ನ ಹೆಸರಿನಲ್ಲೇ ಹೇಳಬೇಕು, ಮನುಷ್ಯರ ತಲೆಗೆ ಕಟ್ಟಬಾರದು. ಮನುಷ್ಯರು ಮಾಡಿದ ತೀರ್ಮಾನವನ್ನು ಮಾತ್ರ ‘ಬಿಜಿ’ಯ ಮರೆಯಲ್ಲೇ ಇರಿಸಬೇಕು.

ಇಷ್ಟಾದ ಮೇಲೆ ಸಭಿಕರು ಇವತ್ತೇ ಮಾಡಿಕೊಳ್ಳಬಹುದಾದ ಒಂದೆರಡು ಕೆಲಸಗಳು. ಫೋನಿನಲ್ಲಿ *#43# ಒತ್ತಿ ಕರೆ ಮಾಡಿದರೆ ಕಾಲ್ ವೇಟಿಂಗ್ ಸೌಲಭ್ಯ ಇದೆಯೇ ಎಂದು ಪರದೆ ಹೇಳುತ್ತದೆ. ಇಲ್ಲದಿದ್ದರೆ *43# ಒತ್ತಿ ಚಾಲೂ ಮಾಡಬಹುದು, ಬೇಡವಾದರೆ #43#. ಚಾಲೂ ಇದ್ದರೆ ಮಾತಿನ ನಡುವೆ ಬಂದ ಇನ್ನೊಂದು ಕರೆ ಗೊತ್ತಾಗುತ್ತದೆ, ಕರೆ ಮಾಡಿದವರಿಗೂ ‘ಬೇರೆ ಕರೆಯಲ್ಲಿದ್ದಾರೆ, ಕಾಯಿರಿ’ ಎಂಬ ಅರ್ಥದ ಉತ್ತರ ಹೋಗುತ್ತದೆ. ಯಾರಾದರೂ ಅಪರಿಚಿತರು ಕರೆ ಮಾಡಿ *401# ಎಂದು ಶುರುವಾಗುವ ನಂಬರು ಒತ್ತಿರಿ ಎಂದರೆ ಒತ್ತಬಾರದು. ಅದು ನಿಮಗೆ ಬರುವ ಕರೆಗಳನ್ನು, ಬ್ಯಾಂಕಿನ ಓ.ಟಿ.ಪಿ. ಕರೆಗಳನ್ನೂ ಸೇರಿಸಿ, ಬೇರೆಯವರ ಕಡೆ ತಿರುಗಿಸುವ ಸಂಕೇತ. ಇಂಥ ವಂಚನೆ ಹೆಚ್ಚಿದ್ದರಿಂದ 2024ರ ಏಪ್ರಿಲ್ 15ರಿಂದ ಆ ಸೌಲಭ್ಯವನ್ನೇ ನಿಲ್ಲಿಸುವಂತೆ ದೂರಸಂಪರ್ಕ ಇಲಾಖೆ ಕಂಪನಿಗಳಿಗೆ ಆದೇಶಿಸಿತು. ಕರೆಗಳು ಎಲ್ಲಾದರೂ ತಿರುಗುತ್ತಿವೆಯೇ ಎಂಬ ಅನುಮಾನವಿದ್ದರೆ *#21# ಒತ್ತಿ ನೋಡಬಹುದು. ಹೊರಗಿನ ಹಜಾರದಲ್ಲಿ ವಿದ್ಯಾರ್ಥಿಗಳು ಮೇಜು ಹಾಕಿ ಕುಳಿತಿದ್ದಾರೆ. ಹಿರಿಯರು ಫೋನು ಕೊಟ್ಟರೆ ಈ ಎರಡನ್ನೂ ಪರೀಕ್ಷಿಸಿ, ಬಂದ ಉತ್ತರವನ್ನು ಕನ್ನಡದಲ್ಲಿ ಓದಿ ಹೇಳುತ್ತಾರೆ. ಅದಕ್ಕೆ ಮೊದಲು ಪ್ರಶ್ನೆಗಳಿಗೆ ಸಮಯವಿದೆ.